ಕಲ್ಲಪ್ಪ ನಿಂತ ಬಾಗಿಲು

ಅರ್ಧಕ್ಕೆ ನಿಂತದ್ದನ್ನು ಕಂಡರೆ ಕಸ್ತೂರಿಗೆ ಮೈಯೆಲ್ಲ ಉರಿಯುತ್ತದೆ. ಉರಿಯದೆ ಏನು ಮಾಡೀತು? ಪಿಯುಸಿ ಮೊದಲ ವರ್ಷಕ್ಕೇ ನಿಂತಿತು. ಹೊಲಿಗೆ ಕ್ಲಾಸು ಜಂಪರಿನ ತೋಳಿಗೆ ಬರುವ ಹೊತ್ತಿಗೆ ಕಲಿಸುವಾಕೆಯೇ ಊರು ಬಿಟ್ಟಳು. ಸರಕಾರದ ಯೋಜನೆಯಲ್ಲಿ ಮಂಜೂರಾದ ಮನೆ ಲಿಂಟಲ್ಲಿನ ಮಟ್ಟಕ್ಕೆ ಎದ್ದು ಅಲ್ಲೇ ನಿಂತು, ಈಗ ಅದರೊಳಗೆ ಜಾಲಿಗಿಡ ಬೆಳೆದಿದೆ. ಸೆಂಟ್ರಿಂಗ್ ಕೆಲಸಕ್ಕೆಂದು ಹೈದರಾಬಾದಿಗೆ ಹೋದ ಗಂಡ ಅಲ್ಲಿ ಇನ್ನೊಂದು ಸಂಸಾರ ಹೂಡಿದ. ಬಿಟ್ಟೆ ಎಂದೂ ಹೇಳಲಿಲ್ಲ, ಬಾ ಎಂದೂ ಕರೆಯಲಿಲ್ಲ. ಇಂಥವಳ ಕೈಗೆ, ಈ ಭೂಮಿಯ ಮೇಲಿನ ಅಷ್ಟೂ ಪುಸ್ತಕಗಳಲ್ಲಿ, ಅರ್ಧ ಕಥೆಯ ಪುಸ್ತಕವೇ ಬಂದು ಬೀಳಬೇಕೆ?

ಅವಳ ಬಾಳಿನಲ್ಲಿ ಪೂರ್ತಿ ಅನ್ನಬಹುದಾದದ್ದು ಒಂದೇ, ಓದು. ಅಪ್ಪ ನಾಗಣ್ಣ ಬಳಿಚಕ್ರದ ಮಠದಲ್ಲಿ ಪ್ರತಿ ಶ್ರಾವಣ ಪುರಾಣ ಓದುತ್ತಿದ್ದವರು. ಅವರು ಪದ್ಯ ಓದಬೇಕು, ಪಕ್ಕದಲ್ಲಿ ಕೂತ ಶಾಸ್ತ್ರಿಗಳು ಅರ್ಥ ಹೇಳಬೇಕು. ಮನೆಯಲ್ಲಿ ಮಗಳನ್ನು ಎದುರಿಗೆ ಕೂಡಿಸಿಕೊಂಡು ಅದೇ ರಾಗದಲ್ಲಿ ಓದಿಸುತ್ತಿದ್ದರು. ಓದುವವರು ತಮ್ಮದೊಂದು ಅಕ್ಷರ ಕೂಡಿಸಬಾರದು, ಇದ್ದದ್ದರಲ್ಲಿ ಒಂದಕ್ಷರ ನುಂಗಬಾರದು ಅನ್ನುವುದು ಅವರ ಶಿಸ್ತು. ಮಗಳ ಧ್ವನಿ ಅಪ್ಪನದಕ್ಕಿಂತ ಚೆನ್ನಾಗಿ ಪಳಗಿತು. ಅವಳಿಗೂ ಓದಲು ಕೊಡಿ ಎಂದು ಮಠದ ಕಮಿಟಿಯವರನ್ನು ಕೇಳಿದರೆ ಮಾತ್ರ ಪ್ರತಿ ವರ್ಷವೂ "ನೋಡಮು ತಡೀವಾ" ಎಂಬ ಒಂದೇ ಉತ್ತರ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಅವರ ವ್ಯಾಸಪೀಠ, ಅಂದರೆ ಪುಸ್ತಕ ತೆರೆದಿಡುವ ಮಡಚುವ ಮರದ ಹಲಗೆ.

ಶಹಾಪುರದಲ್ಲಿ ಅವಳು ಕೆಲಸ ಮಾಡುವುದು ಖಡಕ್ ರೊಟ್ಟಿಯ ಕೇಂದ್ರದಲ್ಲಿ. ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಹಿಟ್ಟಿನ ಗಿರಣಿಯ ಪಕ್ಕದ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿ ಜೋಳದ ರೊಟ್ಟಿ ಬಡಿಯುತ್ತಾರೆ. ಬೆಳಗಿನಿಂದ ಒಲೆಯ ಝಳ, ಹೊಗೆ, ಪಟಪಟ ಸದ್ದು. ಒಂದು ದಿನ ಕಸ್ತೂರಿ ಬೇಸರ ತಾಳದೆ ರೊಟ್ಟಿ ಕಟ್ಟಿದ್ದ ಹಳೇ ಪೇಪರನ್ನೇ ಬಿಡಿಸಿ ಪುರಾಣದ ರಾಗದಲ್ಲಿ ಓದಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು, ಮರುದಿನ ಮತ್ತೆ ಓದು ಅಂದರು. ಆಮೇಲೆ ಮಧ್ಯಾಹ್ನದ ಮೇಲೆ ಕಸ್ತೂರಿ ಓದುವುದು, ಅವಳ ಪಾಲಿನ ಹಿಟ್ಟನ್ನು ಉಳಿದವರು ಹಂಚಿಕೊಂಡು ಬಡಿಯುವುದು ಎಂದು ಒಪ್ಪಂದವಾಯಿತು. ಓದಲು ಪುಸ್ತಕ ತರುತ್ತಿದ್ದದ್ದು ಮೈನುದ್ದೀನನ ರದ್ದಿ ಅಂಗಡಿಯಿಂದ.

ಹೋದ ಶ್ರಾವಣದಲ್ಲಿ ಅಲ್ಲಿಂದಲೇ ಬಂತು ಆ ಪುಸ್ತಕ. ರಟ್ಟು ಹರಿದುಹೋಗಿತ್ತು, ಮೊದಲ ಹಾಳೆಗಳಿರಲಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಕಥೆ ಮಾತ್ರ ಒಂದನೇ ಅಧ್ಯಾಯದಿಂದ ಸರಿಯಾಗಿ ಶುರುವಾಗುತ್ತಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು, ಹರೆಯದ ಹುಡುಗ ಹುಡುಗಿಯರಿಗೆಂದು ಬರೆದದ್ದು. ಹಿಮ ಬೀಳುವ ಯಾವುದೋ ಊರು. ನೋರಾ ಎಂಬ ಹದಿನಾರರ ಹುಡುಗಿಗೆ ಸತ್ತವರು ಕಾಣುತ್ತಾರೆ. ಕ್ಯಾಲಮ್ ಎಂಬ ಹುಡುಗ ಅಮ್ಮನ ಜೊತೆ ಜಗಳವಾಡಿ ಮನೆ ಬಿಟ್ಟು ಹೊರಟವನು ಕೆರೆಯಲ್ಲಿ ಮುಳುಗಿ ಸತ್ತಿದ್ದಾನೆ. ಅಮ್ಮನಿಗೆ ಹೇಳಬೇಕಾದ ಒಂದು ಮಾತು ಗಂಟಲಲ್ಲಿ ಉಳಿದಿರುವುದರಿಂದ ಅವನಿಗೆ ಮುಕ್ತಿಯಿಲ್ಲ. ಅವನನ್ನು ಅವನ ಮನೆಗೆ ಮುಟ್ಟಿಸಬೇಕು, ದಾರಿಯಲ್ಲಿ ಕೆಟ್ಟ ದೆವ್ವಗಳು ಅಡ್ಡ ಬರುತ್ತವೆ. ರೊಟ್ಟಿ ಕೇಂದ್ರದ ಬಾಯಲ್ಲಿ ಕ್ಯಾಲಮ್ ಬೇಗನೆ ಕಲ್ಲಪ್ಪನಾದ. ನೋರಾ ಜೊತೆಗೆ ರೊಟ್ಟಿ ಬಡಿಯುವ ಗುಲಫಶಾಳಿಗೆ ನೂರ್, ಉಳಿದವರಿಗೆ ನೂರವ್ವ.

ಪುಸ್ತಕದ ಹಾಳೆಗೆ ಹಿಟ್ಟು ತಾಗದಿರಲಿ ಎಂದು ಕಸ್ತೂರಿ ಅಪ್ಪನ ವ್ಯಾಸಪೀಠ ತಂದಿಟ್ಟಳು. ಅವಳು ಮಾಡಿದ ತಪ್ಪು ಇದೇ. ಶ್ರಾವಣ ಸೋಮವಾರ, ಎದುರಿಗೆ ವ್ಯಾಸಪೀಠ, ಅದರ ಮೇಲೆ ತೆರೆದ ಪುಸ್ತಕ. ಎಲ್ಲರಿಗಿಂತ ಹಿರಿಯಳಾದ ಅನ್ನಮ್ಮ ಕೈ ತೊಳೆದು ಬಂದು ಪುಸ್ತಕಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದೇಬಿಟ್ಟಳು.

"ಯವ್ವಾ, ಇದು ದೆವ್ವದ ಕಥಿ," ಎಂದಳು ಕಸ್ತೂರಿ.

"ಇರಲಿ ಬಿಡು. ಪೀಠದ ಮ್ಯಾಲ ಕುಂತದ ಅಂದ್ರ ಪುರಾಣ ಹಚ್ಚಿದಂಗ. ಮಂಗಲ ಆಗೂತನಕ ಬಿಡಾಂಗಿಲ್ಲ ನೋಡು," ಎಂದಳು ಅನ್ನಮ್ಮ.

ಆಗ ಎಲ್ಲರೂ ನಕ್ಕರು, ಕಸ್ತೂರಿಯೂ ನಕ್ಕಳು. ಪುರಾಣ ಹಚ್ಚಿದರೆ ಮಂಗಲದ ತನಕ, ಅಂದರೆ ಕಥೆ ಮುಗಿದು ಆರತಿ ಎತ್ತುವ ತನಕ, ಪುಸ್ತಕವನ್ನು ಪೀಠದಿಂದ ಇಳಿಸುವಂತಿಲ್ಲ, ಕೇಳಲು ಕೂತವರು ಊರು ಬಿಟ್ಟು ಬೇರೆ ಕಡೆ ವಸ್ತಿ ಹೋಗುವಂತಿಲ್ಲ. ಅನ್ನಮ್ಮನ ತವರಿನಿಂದ ಬಂದ ಕಟ್ಟಳೆ ಇದು. ಅದು ಮುಂದೆ ತನ್ನ ಕೊರಳಿಗೆ ಬೀಳುತ್ತದೆ ಎಂದು ಕಸ್ತೂರಿಗೆ ಹೊಳೆಯಲಿಲ್ಲ.

ಅನ್ನಮ್ಮ ಇರುವುದು ಗಿರಣಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ. ಮಗ ಸುನೀಲಕುಮಾರ ಕಡೇಚೂರಿನ ಕಡೆ ಕೆಲಸಕ್ಕೆ ಹೋಗಿಬರುತ್ತಿದ್ದ. ಒಂದು ಬೆಳಗ್ಗೆ ತಾಯಿ ಮಗನ ನಡುವೆ ಏನೋ ಮಾತಿಗೆ ಮಾತು ಬೆಳೆದು, ಬುತ್ತಿ ಒಯ್ಯದೆ ಗಾಡಿ ಹತ್ತಿ ಹೋದ. ಸಂಜೆ ತಿರುಗಿ ಬರುವಾಗ ಲಾರಿಗೆ ಸಿಕ್ಕು ಸತ್ತ. ಅನ್ನಮ್ಮ ಅದರ ಮಾತು ಎತ್ತುವುದಿಲ್ಲ. ಕಲ್ಲಪ್ಪ ಅಮ್ಮನ ಜೊತೆ ಜಗಳವಾಡಿ ಹೊರಟ ಅಧ್ಯಾಯ ಓದಿದ ದಿನ ಮಾತ್ರ ಅವಳ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಕರ್ರಗಾಯಿತು.

"ದೆವ್ವ ಅಂದ ಮ್ಯಾಲ ಗ್ವಾಡಿ ಒಳಗಿಂದ ಹೋಗಬಹುದಲ್ಲ. ಕದಾ ಯಾಕ ಬಡೀಬೇಕು?" ಎಂದು ಗುಲಫಶಾ ಒಮ್ಮೆ ಕೇಳಿದ್ದಳು.

"ತನ್ನ ಮನಿಗಿ ತಾನು ಕಳ್ಳರಂಗ ಹೋಗ್ತಾನೇನು? ತಾಯಿ ಬಂದು ಕದಾ ತೆಗೀಬೇಕು," ಎಂದಿದ್ದಳು ಅನ್ನಮ್ಮ, ತನಗೆ ಎಲ್ಲ ಗೊತ್ತಿರುವವಳ ಹಾಗೆ.

ಶ್ರಾವಣ ಮುಗಿಯುತ್ತ ಬಂದಾಗ ಕಥೆಯೂ ಕೊನೆಗೆ ಬಂತು. ನೋರಾಳ ಬೆನ್ನ ಹಿಂದೆ ಕ್ಯಾಲಮ್ ತನ್ನ ಮನೆಯ ಮುಂದೆ ಬಂದು ನಿಂತ. ಒಳಗೆ ದೀಪ ಕಾಣುತ್ತಿತ್ತು. ಅವನು ಕೈ ಎತ್ತಿ ಬಾಗಿಲು ತಟ್ಟಿದ. ಒಳಗಿಂದ ಹೆಜ್ಜೆಯ ಸದ್ದು ಹತ್ತಿರ ಬಂತು. ಚಿಲಕ ಸರಿಯಿತು. ರೊಟ್ಟಿ ಬಡಿಯುವ ಸದ್ದು ಯಾವಾಗಲೋ ನಿಂತುಹೋಗಿತ್ತು. ಕಸ್ತೂರಿ ಹಾಳೆ ತಿರುವಿದಳು. ಹಿಂದೆ ಬರೀ ಬಿಳಿ. ಇನ್ನೊಂದು ಹಾಳೆ ತಿರುವಿದಳು. ಅದರ ಮೇಲೆ ಹೀಗೆ ಅಚ್ಚಾಗಿತ್ತು: ಮೊದಲ ಪುಸ್ತಕ ಮುಗಿಯಿತು.

"ಮುಂದ ಓದು," ಎಂದಳು ಅನ್ನಮ್ಮ.

"ಇಲ್ಲವ್ವ. ಇಷ್ಟೇ ಅದ."

"ಇಷ್ಟೇ ಅಂದ್ರ? ಕದಾ ತೆಗದಳೋ ಇಲ್ಲೋ?"

ಕಸ್ತೂರಿಗೆ ಪುಸ್ತಕವನ್ನು ಒಲೆಗೆ ಎಸೆಯಬೇಕು ಅನ್ನಿಸಿತು. ಇಷ್ಟು ದಿನ ಗಂಟಲು ಹರಿದುಕೊಂಡು ಓದಿದ್ದು ಇದಕ್ಕಾಗಿಯೇ? ಬರೆದವರಿಗೆ ನಾಚಿಕೆ ಬೇಡವೇ? ಸತ್ತ ಹುಡುಗನನ್ನು ಹೊಸ್ತಿಲ ತನಕ ಕರೆತಂದು, ಚಿಲಕ ಸರಿಸಿ, ಓದುವವರ ಮುಖದ ಮೇಲೆ ಕದ ಹಾಕಿಕೊಂಡು ಹೋಗುವುದೆಂದರೆ ಯಾವ ಊರ ನ್ಯಾಯ? ಅಂದು ಅವಳು ರೊಟ್ಟಿ ಕಟ್ಟಿಟ್ಟು ಮನೆಗೆ ಹೋದಳು. ಪುಸ್ತಕ ಪೀಠದ ಮೇಲೆ ತೆರೆದೇ ಉಳಿಯಿತು. ಮಂಗಲವಾಗದೆ ಅದನ್ನು ಮುಚ್ಚಲು ಅನ್ನಮ್ಮ ಬಿಡಲಿಲ್ಲ.

ಮರುದಿನ ಸುರಪುರದಿಂದ ಫೋನು ಬಂತು. ಅನ್ನಮ್ಮನ ಮಗಳು ಸೌಭಾಗ್ಯ.

"ಕಸ್ತೂರಕ್ಕ, ಏನು ಹಚ್ಚಿರ್ರಿ ನೀವು ನಮ್ಮವ್ವನ ಕೂಡ? ಇಲ್ಲಿ ಆಕೀ ಸಲುವಾಗಿ ಕೋಲಿ ಕಟ್ಟಿಸೀವಿ, ಪತ್ರಾಸ ಹೊದಿಸೀವಿ. ಮಣಕಾಲು ಹಿಡದು ಏಳಾಕ ಬರಲಾರ್ದಾಕಿ ಅಲ್ಲಿ ಒಬ್ಬಾಕಿ ಇದ್ದು ಏನ್ ಮಾಡ್ತಾಳ? ಬಾ ಅಂದ್ರ ಪುರಾಣ ಮುಗೀಲಿ ಅಂತಾಳ. ಯಾವಾಗ ಮುಗಿಸ್ತೀರಿ?"

"ಪುರಾಣ ಅಲ್ಲವಾ ಅದು, ಕಾದಂಬರಿ."

"ಏನರ ಇರ್ಲಿ ರೀ. ಮುಗಿಸ್ರಿ ಜಲ್ದಿ."

ಅಂದಿನಿಂದ ಸೌಭಾಗ್ಯಳ ಫೋನು ದಿನವೂ ಬರತೊಡಗಿತು. ಗಿರಣಿಯ ಮಾಲಕ ಆ ಕೋಣೆಯನ್ನು ಹತ್ತಿಕುಣಿಯಿಂದ ಬರುವ ಹೊಸ ಕೆಲಸಗಾರನಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಅವನೂ ಕಸ್ತೂರಿ ಕಂಡಾಗಲೆಲ್ಲ, "ನಿನ್ನ ಕಥಿ ಎಲ್ಲಿಗೆ ಬಂತು?" ಎಂದು ಕೇಳತೊಡಗಿದ. ಅನ್ನಮ್ಮನದು ಬೆಳಗ್ಗೆ ಬಂದ ಕೂಡಲೇ ಒಂದೇ ಪ್ರಶ್ನೆ: "ಸಿಕ್ತೇನ?" ಪುಸ್ತಕ ಬರೆದವರು ಎಲ್ಲೋ ಬೆಚ್ಚಗೆ ಕೂತಿದ್ದರು, ಏಟು ತಿನ್ನುವವಳು ಕಸ್ತೂರಿ.

ಅವಳು ಮೈನುದ್ದೀನನ ಅಂಗಡಿಗೆ ಹೋಗಿ ಜಗಳಕ್ಕೇ ನಿಂತಳು.

"ಎರಡನೇದು ಎಲ್ಲಿ ಅದ ತಗೀ."

"ನಾ ಕಿಲೋದ ಮ್ಯಾಲ ತಗೋತೀನಿ ಅಕ್ಕೋರೆ," ಎಂದ ಮೈನುದ್ದೀನ ತಕ್ಕಡಿಯ ಆಚೆಯಿಂದ. "ಕಥಿ ಮುಗದದೋ ಇಲ್ಲೋ ನೋಡಿ ತೂಗಾಂಗಿಲ್ಲ."

ಆದರೂ ಪಾಪ, ಚೀಲಗಳನ್ನೆಲ್ಲ ಸುರಿದು ತೋರಿಸಿದ. ಹತ್ತನೇ ಕ್ಲಾಸಿನ ಗೈಡು, ಬೀಜದ ಕಂಪನಿಯ ಕ್ಯಾಲೆಂಡರು, ಮದುವೆ ಕರೆಯೋಲೆ, ಎಲ್ಲವೂ ಇದ್ದವು. ಕಲ್ಲಪ್ಪ ಇರಲಿಲ್ಲ. ಧೂಳಿಗೆ ಸೀನುತ್ತ ತಿರುಗಿ ಬಂದವಳು ಯಾದಗಿರಿಯಲ್ಲಿ ಡಿಗ್ರಿ ಓದುವ ಅಕ್ಕನ ಮಗಳು ಸವಿತಾಳಿಗೆ ಫೋನು ಹಚ್ಚಿ, ಅವಳ ಮೇಲೂ ರೇಗಿದಳು, ಸುಮ್ಮನೆ.

ಸವಿತಾ ಹುಡುಗ ಹುಡುಗಿಯ ಹೆಸರು ಹಾಕಿ ಮೊಬೈಲಿನಲ್ಲಿ ಹುಡುಕಿ ಹಿಡಿದಳು. ಸಿಕ್ಕಿದ ಸುದ್ದಿ ಇನ್ನೂ ಕೆಟ್ಟದ್ದು. ಇಂಗ್ಲಿಷಿನಲ್ಲಿ ಆ ಕಥೆ ಐದು ಪುಸ್ತಕ. ಕನ್ನಡಕ್ಕೆ ಬಂದದ್ದು ಮೊದಲನೆಯದು ಮಾತ್ರ. ಛಾಪಿಸಿದವರ ನಂಬರು ಹುಡುಕಿ ಕೊಟ್ಟಳು, ಕಸ್ತೂರಿ ಶೆಡ್ಡಿನಲ್ಲೇ ನಿಂತು ಫೋನು ಮಾಡಿದಳು. ಆ ಕಡೆಯವರು ಮೆತ್ತಗಿನ ದನಿಯಲ್ಲಿ, ಮೊದಲನೆಯದೇ ಖರ್ಚಾಗಲಿಲ್ಲ ಮೇಡಂ, ಹಾಗಾಗಿ ಮುಂದಿನವನ್ನು ಕೈಬಿಟ್ಟೆವು ಅಂದರು.

"ಅರ್ಧಾ ಕೊಟ್ಟು ಖರ್ಚಾಗಲಿಲ್ಲ ಅಂದ್ರ ಹೆಂಗ್ರಿ? ಪೂರಾ ಕೊಟ್ಟು ನೋಡಬೇಕಿತ್ತಲ್ಲ," ಎಂದಳು ಕಸ್ತೂರಿ. "ಇಲ್ಲಿ ಒಂದು ಮುದಕಿ ಊರು ಬಿಡಲಾರ್ದೆ ಕುಂತದ ನಿಮ್ಮಿಂದ."

ಅವರಿಗೆ ಆ ಮಾತು ಹೇಗೆ ಅರ್ಥವಾಗಬೇಕು? ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಫೋನು ಇಟ್ಟರು. ಕಸ್ತೂರಿಗೆ ಸಿಟ್ಟಿನಲ್ಲಿ ಕಣ್ಣಲ್ಲಿ ನೀರು ಬಂತು. ತನ್ನಂಥವರಿಗೆ ಎಲ್ಲದರಲ್ಲೂ ಮೊದಲ ಪುಸ್ತಕವೇ ಸಾಕು ಎಂದು ಯಾರೋ ಎಲ್ಲೋ ಕೂತು ಠರಾವು ಮಾಡಿಬಿಟ್ಟ ಹಾಗಿತ್ತು. ಮುಂದಿನದು ಬೇಕಿದ್ದರೆ ಇಂಗ್ಲಿಷು ಕಲಿತು ಬಾ, ಇಲ್ಲವಾದರೆ ಹೊಸ್ತಿಲಲ್ಲಿ ನಿಂತಿರು. ಆ ದಿನ ಅವಳ ಕೈಯಲ್ಲಿ ಒಂದು ರೊಟ್ಟಿಯೂ ಗುಂಡಗೆ ಬರಲಿಲ್ಲ.

ಕೊನೆಗೆ ಸವಿತಾಳೇ ಎರಡನೆಯ ಪುಸ್ತಕವನ್ನು ಇಂಗ್ಲಿಷಿನಲ್ಲಿ ತರಿಸಿಕೊಂಡು, ಒಂದು ರವಿವಾರ ಬಸ್ಸಿಗೆ ಬಂದಳು. ಕಸ್ತೂರಿಯ ಮನೆಯ ಕಟ್ಟೆಯ ಮೇಲೆ ಕೂತು, ತಿಳಿಯದ ಶಬ್ದಗಳನ್ನು ಮೊಬೈಲಿನಲ್ಲಿ ನೋಡಿಕೊಳ್ಳುತ್ತ, ಮೊದಲ ಅಧ್ಯಾಯವನ್ನು ಕನ್ನಡದಲ್ಲಿ ಹೇಳಿದಳು. ಬಾಗಿಲು ತೆರೆಯಿತು. ತೆರೆದದ್ದು ಯಾರೋ ಗುರುತಿಲ್ಲದ ಗಂಡಸು. ಹಿಂದೆ ಇಲ್ಲಿದ್ದ ಹೆಂಗಸೇ? ಮಗ ಸತ್ತ ಮೇಲೆ ಆಕೆ ಮನೆ ಖಾಲಿ ಮಾಡಿ ಹೋಗಿ ವರ್ಷಗಳಾದವು. ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಿಲ್ಲ. ಹುಡುಗ ತನ್ನ ಮನೆಯ ಮುಂದೆಯೇ ದಾರಿ ತಪ್ಪಿದವನ ಹಾಗೆ ನಿಂತ.

ಅನ್ನಮ್ಮ ಯಾಕೆ ಊರು ಬಿಡುತ್ತಿಲ್ಲ ಎಂಬುದು ಕಸ್ತೂರಿಗೆ ಆಗ ತಿಳಿಯಿತು. ಪುರಾಣ, ಮಂಗಲ ಎಲ್ಲ ಮೇಲಿನ ನೆಪ. ಸುನೀಲಕುಮಾರ ಬುತ್ತಿ ಬಿಟ್ಟು ಹೋದದ್ದು ಆ ಕೋಣೆಯ ಬಾಗಿಲಿನಿಂದ. ಬಂದರೆ ಆ ಬಾಗಿಲಿಗೇ ಬರಬೇಕು.

"ಬದಲ ಮಾಡಿ ಹೇಳು ಚಿಗವ್ವ," ಎಂದಳು ಸವಿತಾ. "ತಾಯಿನೇ ಕದಾ ತೆಗದಳು, ಮಗ ಮಾತು ಹೇಳಿದ, ಮುಕ್ತಿ ಆಯ್ತು ಅಂತ ಹೇಳು. ಅನ್ನಮ್ಮ ಆಯಿಗೇನು ಇಂಗ್ಲಿಷ ಬರ್ತದ? ಮಂಗಲ ಹಾಡಿ ಬಿಡು, ಆಕಿ ಸುಮ್ಮನ ಸುರಪುರಕ್ಕ ಹೋಗ್ತಾಳ."

ಮಾತು ಸರಿಯಾಗಿಯೇ ಇತ್ತು. ಸೌಭಾಗ್ಯಳ ಫೋನು ನಿಲ್ಲುತ್ತದೆ, ಮಾಲಕನ ಕಾಟ ತಪ್ಪುತ್ತದೆ, ಮುದುಕಿಗೆ ಮಗಳ ಕೈಯ ಊಟ ಸಿಗುತ್ತದೆ. ಒಂದು ಸುಳ್ಳಿಗೆ ಇಷ್ಟೊಂದು ಅನುಕೂಲ. ಖರೇ ಹೇಳಿದರೆ ಅನ್ನಮ್ಮ ಆ ಕೋಣೆಯಿಂದ ಜೀವಮಾನದಲ್ಲಿ ಕದಲುವುದಿಲ್ಲ. ಅಪ್ಪನ ಶಿಸ್ತು ಪುರಾಣಕ್ಕೆ, ದೆವ್ವದ ಕಾದಂಬರಿಗೆ ಯಾಕೆ? ಕಸ್ತೂರಿ ಸುಳ್ಳು ಹೇಳುವುದೆಂದೇ ಗಟ್ಟಿ ಮಾಡಿಕೊಂಡಳು. ಅಮ್ಮ ಮಗ ಏನೇನು ಮಾತಾಡಬೇಕು ಎಂಬುದನ್ನೂ ಮನಸ್ಸಿನಲ್ಲಿ ಕೂಡಿಸಿಟ್ಟುಕೊಂಡಳು.

ಸೋಮವಾರ ಮಧ್ಯಾಹ್ನ ಪೀಠದ ಮೇಲೆ, ತೆರೆದಿದ್ದ ಮೊದಲ ಪುಸ್ತಕದ ಮೇಲೆಯೇ, ಇಂಗ್ಲಿಷ್ ಪುಸ್ತಕ ಏರಿತು. ಮುಂದಿನ ಭಾಗ ಸಿಕ್ಕಿದೆ ಎಂದು ಬೆಳಗ್ಗೆಯೇ ಸುದ್ದಿ ಹಬ್ಬಿತ್ತು. ಅನ್ನಮ್ಮ ಹಸಿರು ಇಳಕಲ್ ಸೀರೆ ಉಟ್ಟು, ಕಾಯಿ ಕರ್ಪೂರ ತಂದಿದ್ದಳು. ಅಂದು ರೊಟ್ಟಿ ಬಡಿಯಲಿಲ್ಲ. ಕೈ ತೊಳೆದು ಒರೆಸಿಕೊಂಡು, ಸೆರಗು ಹೊದ್ದು, ಕಸ್ತೂರಿಯ ಎದುರಿಗೇ ಬಂದು ಕೂತಳು.

"ಕದ ತೆರೆಯಿತು," ಎಂದು ಕಸ್ತೂರಿ ರಾಗ ಎತ್ತಿದಳು. "ಕದ ತೆರೆದವರು…"

ಅನ್ನಮ್ಮ ಅವಳ ಬಾಯನ್ನೇ ನೋಡುತ್ತಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಹಾಗೆ ನೋಡುವವಳ ಮುಂದೆ ಅದನ್ನು ಹೇಳಲು ಕಸ್ತೂರಿಗೆ ನಾಚಿಕೆಯಾಯಿತು. ರಾಗ ಬಿಟ್ಟು, ಬರಿಯ ಮಾತಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೇರೆ ಯಾರೋ ಬಂದದ್ದು, ತಾಯಿ ಮನೆ ಬಿಟ್ಟು ಹೋದದ್ದು, ಹುಡುಗ ನಿಂತದ್ದು.

ಗುಲಫಶಾ ಬರೆದವರಿಗೆ ಉರ್ದುವಿನಲ್ಲಿ ಒಂದು ಬೈಗುಳ ಹಾಕಿದಳು. ಅನ್ನಮ್ಮ ಅಳುತ್ತಾಳೆ ಎಂದುಕೊಂಡಿದ್ದಳು ಕಸ್ತೂರಿ. ಅವಳು ಅಳಲಿಲ್ಲ. ಹುಬ್ಬು ಗಂಟಿಕ್ಕಿ ಏನನ್ನೋ ಲೆಕ್ಕ ಹಾಕುತ್ತಿದ್ದಳು.

"ಹೋಗೂ ಮುಂದ ಬಾಜೂದವರಿಗಿ ಹೇಳಿ ಹೋಗಿದ್ದಿಲ್ಲೇನು ಆಕಿ?" ಎಂದು ಕೇಳಿದಳು.

"ಇಲ್ಲಂತ."

"ಯಾರಿಗೂ?"

"ಯಾರಿಗೂ ಹೇಳಿಲ್ಲಂತವ್ವ. ಇನ್ನ ಉಳದ ಕಥಿ ಎಲ್ಲಾ ಆಕೀನ ಹುಡಕೂದೇ ಅದಂತ."

"ತಿಳಿಗೇಡಿ ಹೆಂಗಸು," ಎಂದಳು ಅನ್ನಮ್ಮ. ಅವಳ ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಹೇಳಿ ಹೋಗಬೇಕಿತ್ತು. ಕೂಸು ಎಲ್ಲೆಲ್ಲಿ ಅಂತ ತಿರಗ್ಯಾಡ್ತದ?"

ಕಾಯಿ ಒಡೆಯಲಿಲ್ಲ. ಕರ್ಪೂರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದು ಹೋದಳು.

ಮುಂದಿನ ದಿನಗಳಲ್ಲಿ ಅನ್ನಮ್ಮ ಕೇಂದ್ರಕ್ಕೆ ಬರಲಿಲ್ಲ. ಅವಳನ್ನು ಕಂಡವರು ಬಂದು ಬಂದು ಹೇಳತೊಡಗಿದರು. ಕೋಲೂರಿಕೊಂಡು ಓಣಿಯ ಮನೆಮನೆಗೆ ಹೋಗಿದ್ದಳಂತೆ. ಚಹಾದ ಹೋಟೆಲ್ಲಿಗೆ, ಸುನೀಲಕುಮಾರ ಗಾಡಿ ರಿಪೇರಿ ಮಾಡಿಸುತ್ತಿದ್ದ ಗ್ಯಾರೇಜಿಗೆ, ಅವನು ಕ್ರಾಪು ಮಾಡಿಸಿಕೊಳ್ಳುತ್ತಿದ್ದ ಕಟಿಂಗ್ ಅಂಗಡಿಗೆ, ಕಡೇಚೂರಿನ ಕಡೆ ಹೋಗುವ ಕೂಲಿಯವರು ಗಾಡಿಗೆ ಕಾಯುವ ಬೇವಿನ ಕಟ್ಟೆಗೆ ಹೋಗಿದ್ದಳಂತೆ. ಎಲ್ಲ ಕಡೆಯೂ ಒಂದೇ ಮಾತು: ನಾನು ಸುರಪುರಕ್ಕೆ ಮಗಳ ಮನೆಗೆ ಹೊರಟಿದ್ದೇನೆ, ನೀರಿನ ಟಾಕಿಯ ಹಿಂದಿನ ಓಣಿ, ಹೊಸ ಪತ್ರಾಸಿನ ಕೋಣೆ, ಬಾಗಿಲಿಗೆ ನೀಲಿ ಬಣ್ಣ. ಇಷ್ಟು ಹೇಳಿ, ಕೇಳಿದವರಿಂದ ತಿರುಗಿ ಹೇಳಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳಂತೆ.

ಹೊರಡುವ ದಿನ ಸೌಭಾಗ್ಯಳೇ ಬಂದು ಕರೆದೊಯ್ದಳು. ಕಸ್ತೂರಿ ಗಂಟು ಹಿಡಿದು ಬಸ್‌ಸ್ಟ್ಯಾಂಡಿನ ತನಕ ಹೋದಳು.

"ಮಂಗಲ ಆಗಲಿಲ್ಲವ್ವ," ಎಂದಳು ಕಿಟಕಿಯ ಕೆಳಗೆ ನಿಂತು. ತಪ್ಪು ತನ್ನದೇ ಅನ್ನುವ ಹಾಗಿತ್ತು ಅವಳ ದನಿ.

"ಆಗೂದಿಲ್ಲ ಬಿಡು ಅದು," ಎಂದಳು ಅನ್ನಮ್ಮ. "ಎಲ್ಲಾರಿಗೂ ಹೇಳೀನಿ. ನಿನಗ ನೆನಪದ ಇಲ್ಲೋ?"

"ನೀರಿನ ಟಾಕಿ ಹಿಂದ. ನೀಲಿ ಬಾಗಿಲಾ."

ಅನ್ನಮ್ಮ ತಲೆಯಾಡಿಸಿದಳು. ಬಸ್ಸು ಹೊರಟಿತು.

ಕಸ್ತೂರಿಯ ಸಿಟ್ಟು ಇನ್ನೂ ಇಳಿದಿಲ್ಲ. ಉಳಿದ ಪುಸ್ತಕಗಳು ಇಂಗ್ಲಿಷಿನಲ್ಲಿವೆ, ಸವಿತಾಳಿಗೆ ಪರೀಕ್ಷೆ ಬಂದಿದೆ, ಎರಡನೆಯದರಲ್ಲಿ ಮೂರೇ ಅಧ್ಯಾಯ ಆಗಿವೆ. ಪುಸ್ತಕ ಪೀಠದ ಮೇಲೆ ತೆರೆದೇ ಇದೆ, ಹಾಳೆಗಳ ಮೇಲೆ ಹಿಟ್ಟಿನ ಧೂಳು ಕೂತಿದೆ. ಇದಕ್ಕಿಂತ ಪೇಪರು ಓದಿಕೊಂಡಿದ್ದರೆ ಲೇಸಿತ್ತು ಎಂದು ದಿನಕ್ಕೊಮ್ಮೆಯಾದರೂ ಗೊಣಗುತ್ತಾಳೆ. ದೆವ್ವ ಭೂತ ಅಂದರೆ ಮೊದಲಿನಿಂದಲೂ ಅವಳಿಗೆ ನಂಬಿಕೆಯಿಲ್ಲ. ಸತ್ತವರು ಸತ್ತರು, ಅಷ್ಟೇ, ಅನ್ನುವವಳು.

ಹತ್ತಿಕುಣಿಯ ಹೊಸ ಸಂಸಾರ ಗಿರಣಿಯ ಹಿಂದಿನ ಕೋಣೆಗೆ ಬಂದಿಳಿದ ದಿನ, ಕಸ್ತೂರಿ ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಳ್ಳುತ್ತ ಹೋಗಿ ಆ ಬಾಗಿಲು ತಟ್ಟಿದಳು. ಎಳೆಯ ಹೆಂಗಸೊಬ್ಬಳು ಪಾತ್ರೆ ಜೋಡಿಸುತ್ತಿದ್ದವಳು ಎದ್ದು ಬಂದಳು.

"ಇಲ್ಲಿ ಇದ್ದ ಅನ್ನಮ್ಮ ಎಲ್ಲಿ ಅಂತ ಯಾರರ ಬಂದು ಕೇಳಿದ್ರ, ಸುರಪುರದಾಗ ಮಗಳ ಮನ್ಯಾಗ ಅದಾಳ ಅಂತ ಹೇಳವಾ," ಎಂದಳು ಕಸ್ತೂರಿ. "ನೀರಿನ ಟಾಕಿ ಹಿಂದಿನ ಓಣಿ, ನೀಲಿ ಬಾಗಿಲಾ. ಮರೀಬ್ಯಾಡ."

"ಹೇಳ್ತೀನ್ರಿ. ಯಾರು ಬರ್ತಾರ್ರಿ?"

"ಆಕೀ ಮಗ," ಎಂದು ಕಸ್ತೂರಿ ರೊಟ್ಟಿ ಬಡಿಯಲು ಹೋದಳು.